ಪಿಎಫ್ ಹಣ ಮನೆಗೆ ಹೋಗಲಿ, ಮರಳಲು ದಾರಿಯೂ ಇರಲಿ

ಛತ್ರಪತಿ ಸಂಭಾಜಿನಗರದ ವಾಳೂಜ್, ನಾಸಿಕ್‌ನ ಸಾತಪುರ ಮತ್ತು ಅಂಬಡ್ ನಮಗೆ ಅಷ್ಟೇನೂ ದೂರದ ಹೆಸರುಗಳಲ್ಲ. ಬೆಂಗಳೂರಿನ ಆಡುಗೋಡಿಯಲ್ಲಿ ಬೆಳೆದ ಮೈಕೊ (ಈಗಿನ ಬಾಷ್) ಕಂಪನಿಯ ಇನ್ನೊಂದು ಕಾರ್ಖಾನೆ ಇರುವುದು ಸಾತಪುರದಲ್ಲಿ. ಎಚ್‌ಎಎಲ್ ನಾಸಿಕ್ ಪಕ್ಕದ ಓಝರ್‌ನಲ್ಲೂ ವಿಮಾನ ಕಟ್ಟುತ್ತದೆ. 1985ರಲ್ಲಿ ಬಜಾಜ್ ಘಟಕ ಬಂದ ಮೇಲೆ ವಾಳೂಜ್‌ನ ಸುತ್ತ ಬಿಡಿಭಾಗ ತಯಾರಿಸುವ ಕಾರ್ಖಾನೆಗಳ ದಂಡೇ ನಿಂತಿತು. ಇಂಥ ಊರುಗಳ ಒಂದು ವಿಶೇಷವನ್ನು ನಮ್ಮ ಚರ್ಚೆಗಳು ಗಮನಿಸಿದ್ದು ಕಡಿಮೆ. ಬೆಂಗಳೂರಿನಲ್ಲಿ ಸಾಮಾನ್ಯ ಕಾರ್ಮಿಕನ ಪಿಎಫ್ ಹಣ ಮನೆಯ ಡೌನ್ ಪೇಮೆಂಟ್‌ಗೆ ಯಾವ ಮೂಲೆಗೂ ಸಾಲದು. ಈ ಊರುಗಳಲ್ಲಿ ಹೆಚ್ಚೂಕಡಿಮೆ ಸಾಲುತ್ತದೆ. ಹಾಗಾಗಿ ಮುಪ್ಪಿನ ಹಣವನ್ನು ಮನೆಗೆ ಹಾಕಬೇಕೇ ಎಂಬ ಪ್ರಶ್ನೆ ನಿಜವಾಗಿ ಎದುರಾಗುವುದು ಇಂಥ ಊರುಗಳಲ್ಲೇ.

25 ಲಕ್ಷ ರೂಪಾಯಿಯ ಮನೆ ಎಂದಿಟ್ಟುಕೊಳ್ಳೋಣ. ರಿಸರ್ವ್ ಬ್ಯಾಂಕ್ ನಿಯಮದಂತೆ 30 ಲಕ್ಷದವರೆಗಿನ ಸಾಲದಲ್ಲಿ ಬ್ಯಾಂಕು ಕೊಡಬಹುದಾದದ್ದು ಮನೆಯ ಬೆಲೆಯ ಶೇ 90ರಷ್ಟು. ಉಳಿದ ಎರಡೂವರೆ ಲಕ್ಷ ಕೈಯಿಂದ ಹಾಕಬೇಕು. ಮುದ್ರಾಂಕ ಶುಲ್ಕ ಮತ್ತು ನೋಂದಣಿಯ ಖರ್ಚು ಈ ಲೆಕ್ಕಕ್ಕೆ ಸೇರುವುದಿಲ್ಲ. ಮಹಾರಾಷ್ಟ್ರದ ನಗರಗಳಲ್ಲಿ ಶೇ 6ರ ಲೆಕ್ಕ ಹಿಡಿದರೆ ಮುದ್ರಾಂಕವೇ ಒಂದೂವರೆ ಲಕ್ಷ, ನೋಂದಣಿ 25,000. ಒಟ್ಟು ನಾಲ್ಕೂಕಾಲು ಲಕ್ಷ. ಮನೆಯೊಡತಿಯ ಹೆಸರಿಗೆ ನೋಂದಾಯಿಸಿದರೆ ಶೇ 1ರ ರಿಯಾಯಿತಿ ಇದೆ, ಅದನ್ನು ಬಿಡಬಾರದು.

ಈಗ ಪಾಸ್‌ಬುಕ್ ತೆರೆಯೋಣ. ತಿಂಗಳಿಗೆ 15,000 ರೂ. ಬೇಸಿಕ್ ಇರುವವರ ಖಾತೆಗೆ ಅವರ ಶೇ 12, ಮಾಲೀಕರ ಪಾಲಿನಲ್ಲಿ ಪಿಂಚಣಿಗೆ ಹೋಗಿ ಉಳಿಯುವ ಶೇ 3.67 ಸೇರಿ ಸುಮಾರು 2,350 ರೂ. ಜಮೆಯಾಗುತ್ತದೆ. ಶೇ 8.25ರ ಬಡ್ಡಿಯಲ್ಲಿ ಎಂಟು ವರ್ಷಕ್ಕೆ ಸುಮಾರು ಮೂರು ಲಕ್ಷ. ಗಂಡ–ಹೆಂಡತಿ ಇಬ್ಬರೂ ದುಡಿಯುವ ಮನೆಯಾದರೆ ಎರಡು ಪಾಸ್‌ಬುಕ್ ಸೇರಿ ಬಾಗಿಲು ತೆರೆಯಿತು ಎಂದೇ ಅರ್ಥ.

ಹಣಕಾಸು ಸಲಹೆಗಾರರು ಇಲ್ಲಿ ಬೆರಳೆತ್ತುತ್ತಾರೆ: 32ನೇ ವಯಸ್ಸಿನಲ್ಲಿ ತೆಗೆದ ಮೂರು ಲಕ್ಷ ಇದೇ ಬಡ್ಡಿಯಲ್ಲಿ 58ಕ್ಕೆ ಇಪ್ಪತ್ತಮೂರೂವರೆ ಲಕ್ಷ ಆಗುತ್ತಿತ್ತು, ಅದನ್ನು ಮುಟ್ಟಬೇಡಿ! ಲೆಕ್ಕ ಸರಿಯಾಗಿದೆ, ಆದರೆ ಅರ್ಧಕ್ಕೇ ನಿಂತಿದೆ. ಪಿಎಫ್ ಮುಟ್ಟದವರು ಡೌನ್ ಪೇಮೆಂಟ್ ಎಲ್ಲಿಂದ ತರಬೇಕು? ದುಬಾರಿ ಬಡ್ಡಿಯ ವೈಯಕ್ತಿಕ ಸಾಲ, ಕೈಸಾಲ ಅಥವಾ ಹೆಂಡತಿಯ ಬಂಗಾರ. ಇಲ್ಲವಾದರೆ ವರ್ಷ ವರ್ಷ ಏರುವ ಬಾಡಿಗೆ. ಸ್ವಂತ ಸೂರಿಗಾಗಿ ಪಿಎಫ್ ತೆಗೆಯುವುದು ತಪ್ಪಲ್ಲ ಎಂದೇ ನಾನು ಹೇಳುತ್ತೇನೆ. ಹಾಗೆ ತೆಗೆದರೆ ಪಿಂಚಣಿಗೆ ಕತ್ತರಿ ಬೀಳುತ್ತದೆ ಎಂಬ ಭಯ ಅನೇಕರಿಗಿದೆ. ಪಿಂಚಣಿಯ ಲೆಕ್ಕವೇ ಬೇರೆ. ಮನೆಗೆಂದು ಪಡೆದ ಮುಂಗಡ ಅದನ್ನು ಮುಟ್ಟುವುದಿಲ್ಲ.

ನನ್ನ ಆತಂಕ ಬೇರೆ ಎರಡು ಕಡೆ ಇದೆ. ಪಿಎಫ್ ಖಾತೆಯಲ್ಲಿರುವ ಹಣಕ್ಕೆ 1952ರ ಪಿಎಫ್ ಕಾಯ್ದೆಯ 10ನೇ ಸೆಕ್ಷನ್ ಒಂದು ಕೋಟೆ ಕಟ್ಟಿತು: ಸಾಲ ಕೊಟ್ಟ ಯಾರೂ, ಯಾವ ಕೋರ್ಟ್ ಆದೇಶವೂ ಅದನ್ನು ಜಪ್ತಿ ಮಾಡಲಾಗದು. ಅದೇ ಹಣ ಮನೆಯಾದ ಗಳಿಗೆಯಲ್ಲಿ ಬ್ಯಾಂಕಿನ ಅಡಮಾನದೊಳಗೆ ಸೇರಿಹೋಗುತ್ತದೆ. ಇಪ್ಪತ್ತೆರಡೂವರೆ ಲಕ್ಷದ ಸಾಲಕ್ಕೆ ಶೇ 8.5ರ ಬಡ್ಡಿಯಲ್ಲಿ ಇಪ್ಪತ್ತು ವರ್ಷ ತಿಂಗಳಿಗೆ ಹತ್ತೊಂಬತ್ತೂವರೆ ಸಾವಿರ ಕಂತು. ಆರ್ಡರ್ ಇಳಿದಾಗ ಮೊದಲು ಮನೆಗೆ ಕಳಿಸುವುದು ಗುತ್ತಿಗೆ ಕಾರ್ಮಿಕರನ್ನು. 90 ದಿನ ಕಂತು ತಪ್ಪಿದರೆ ಸಾಲ ವಸೂಲಾಗದ ಪಟ್ಟಿಗೆ ಹೋಗುತ್ತದೆ. ಸರ್ಫೇಸಿ ಕಾಯ್ದೆಯಡಿ 60 ದಿನಗಳ ನೋಟಿಸ್, ಆಮೇಲೆ ಸ್ವಾಧೀನ. ಯಾರೂ ಮುಟ್ಟಲಾಗದಿದ್ದ ಹಣ ಹರಾಜಿಗೆ ಬಂದು ನಿಲ್ಲುವ ದಾರಿ ಇಷ್ಟು ಹತ್ತಿರದ್ದು. ಕನಿಷ್ಠ ಆರು ಕಂತಿನ ಹಣವನ್ನು ಪಿಎಫ್‌ನಲ್ಲೇ ಬಿಟ್ಟು ಉಳಿದದ್ದನ್ನು ಮಾತ್ರ ತೆಗೆಯಿರಿ ಎನ್ನುವುದು ಅದಕ್ಕೇ.

ಎರಡನೆಯದು ಇನ್ನೂ ದೊಡ್ಡದು. ನಾವು ‘ಪಿಎಫ್ ಲೋನ್’ ಎನ್ನುತ್ತೇವೆ, ಆದರೆ ಅದು ತೀರಿಸುವ ಸಾಲವೇ ಅಲ್ಲ. ಹಣ ಬೇರೆ ಕೆಲಸಕ್ಕೆ ಬಳಸಿದರೆ ದಂಡಬಡ್ಡಿ ಸಹಿತ ವಸೂಲಿ ಮಾಡಲು ನಿಯಮವಿದೆ. ಆದರೆ ಹತ್ತು ವರ್ಷದ ಬಳಿಕ ಕೈ ಸ್ವಲ್ಪ ಸಡಿಲವಾದವರು ತೆಗೆದದ್ದನ್ನು ಮತ್ತೆ ತುಂಬುತ್ತೇನೆ ಎಂದರೆ ಸರಳ ವ್ಯವಸ್ಥೆ ಇಲ್ಲ. ಅಮೆರಿಕದಲ್ಲಿ ನಿವೃತ್ತಿ ಖಾತೆಯಿಂದ ಪಡೆದ ಸಾಲವನ್ನು ಸಂಬಳದಿಂದಲೇ ಕಂತಾಗಿ ಹಿಂದಿರುಗಿಸಬೇಕು, ಬಡ್ಡಿಯೂ ತಮ್ಮ ಖಾತೆಗೇ ಬರುತ್ತದೆ. ಸಿಂಗಪುರ 1968ರಿಂದಲೇ ಭವಿಷ್ಯ ನಿಧಿಯಲ್ಲಿ ಸರ್ಕಾರಿ ಫ್ಲ್ಯಾಟ್ ಕೊಳ್ಳಲು ಬಿಟ್ಟಿತು. ಮನೆ ಮಾರಿದಾಗ ತೆಗೆದ ಮೊತ್ತ ಶೇ 2.5ರ ಬಡ್ಡಿ ಸಮೇತ ನಿಧಿಗೆ ಮರಳಬೇಕು ಎಂಬ ಷರತ್ತೂ ಅಲ್ಲಿದೆ.

ನಮ್ಮಲ್ಲಿ ಸರ್ಕಾರ ಒಂದೋ ಬೀಗ ಹಾಕುತ್ತದೆ, ಇಲ್ಲವೇ ಬಾಗಿಲು ಹಾರು ಹೊಡೆದು ಬಿಡುತ್ತದೆ. 2016ರ ಫೆಬ್ರುವರಿಯಲ್ಲಿ ಮಾಲೀಕರ ಪಾಲು 58 ವರ್ಷದವರೆಗೆ ಸಿಗದು ಎಂಬ ಅಧಿಸೂಚನೆ ಬಂತು. ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಹೊಸೂರು ರಸ್ತೆ, ಬೊಮ್ಮನಹಳ್ಳಿ, ಪೀಣ್ಯದಲ್ಲಿ ಬೀದಿಗಿಳಿದರು. ಮನೆ, ಚಿಕಿತ್ಸೆ, ಮಕ್ಕಳ ಓದು, ಮದುವೆಗಾದರೆ ಕೊಡುತ್ತೇವೆ ಎಂದು ಕೇಂದ್ರ ಮೊದಲು ಸಮಾಧಾನ ಹೇಳಿತು. ಮರುದಿನವೇ ಇಡೀ ಅಧಿಸೂಚನೆಯನ್ನು ಹಿಂಪಡೆಯಿತು. ಆ ಮಹಿಳೆಯರ ಪಾಲಿಗೆ ಪಿಎಫ್ ಬಿಟ್ಟರೆ ಉಳಿತಾಯ ಅಂತ ಬೇರೊಂದಿರಲಿಲ್ಲ. ಅವರ ಸಿಟ್ಟು ನ್ಯಾಯವಾದದ್ದಾಗಿತ್ತು.

ಭವಿಷ್ಯ ನಿಧಿಯ ಕೇಂದ್ರ ಟ್ರಸ್ಟಿಗಳ ಮಂಡಳಿ 2025ರ ಅಕ್ಟೋಬರ್ 13ರಂದು ಕೈಗೊಂಡ ತೀರ್ಮಾನ ಇನ್ನೊಂದು ದಿಕ್ಕಿನದು. ಮನೆಗಾಗಿ ಹಣ ಪಡೆಯಲು ಐದು ವರ್ಷ ಬೇಕಿದ್ದ ಸೇವಾವಧಿ 12 ತಿಂಗಳಿಗೆ ಇಳಿಯಿತು, ಖಾತೆಯಲ್ಲಿ ಶೇ 25ರಷ್ಟು ಉಳಿಸಿ ಮಿಕ್ಕದ್ದು ತೆಗೆಯಬಹುದು. ಆ ಶೇ 25ರ ಕಟ್ಟು ಒಳ್ಳೆಯದೇ. ಆದರೆ ಅಂತಿಮ ಇತ್ಯರ್ಥದ ಹೊತ್ತಿಗೆ ಅರ್ಧದಷ್ಟು ಸದಸ್ಯರ ಖಾತೆಯಲ್ಲಿ 20,000 ರೂಪಾಯಿಯೂ ಇರುವುದಿಲ್ಲ ಎಂದು ಆಗ ಸರ್ಕಾರವೇ ಹೇಳಿತ್ತು. ಅದರ ಕಾಲು ಭಾಗ ಉಳಿಸಿದರೆ ಯಾರ ಮುಪ್ಪು ಸಾಗೀತು? ಪಿಎಫ್‌ನ 15,000 ರೂ. ವೇತನ ಮಿತಿ 2014ರಿಂದ ಕದಲಿಲ್ಲ. ಆ ಮಿತಿಯಲ್ಲಿ 30 ವರ್ಷ ದುಡಿದವರಿಗೂ ಪಿಂಚಣಿ 7,000 ರೂ. ದಾಟದು. ಮನೆ ಇದ್ದರೂ ಔಷಧಿ, ಅಡುಗೆ ಅನಿಲ, ಕರೆಂಟ್ ಬಿಲ್ಲು ಅದರಲ್ಲೇ ಆಗಬೇಕು.

ಹಾಗಾಗಿ ತೆಗೆಯುವುದನ್ನು ಸುಲಭ ಮಾಡಿದ ಭವಿಷ್ಯ ನಿಧಿ ಸಂಘಟನೆ ತುಂಬುವುದನ್ನೂ ಅಷ್ಟೇ ಸುಲಭ ಮಾಡಬೇಕು. ಶೇ 12ಕ್ಕಿಂತ ಹೆಚ್ಚು ಕಟ್ಟಲು ಸ್ವಯಂಪ್ರೇರಿತ ವಂತಿಗೆ ಈಗಲೂ ಇದೆ, ಆದರೆ ಅದು ಮಾಲೀಕರ ಮೂಲಕವೇ ಹೋಗಬೇಕು. ದೊಡ್ಡ ಕಂಪನಿಯ ಕಾಯಂ ನೌಕರನಿಗೆ ಎಚ್‌ಆರ್‌ಗೆ ಒಂದು ಪತ್ರ ಬರೆದರೆ ಆಯಿತು. ಎರಡು ವರ್ಷಕ್ಕೊಬ್ಬ ಗುತ್ತಿಗೆದಾರ ಬದಲಾಗುವ ವಾಳೂಜ್‌ನ ಹುಡುಗನಿಗೂ ದಾಬಸ್‌ಪೇಟೆಯ ಹುಡುಗಿಗೂ ಅದು ಗಗನಕುಸುಮ. ಅಂಥವರು ತಮ್ಮ ಪಿಎಫ್ ಖಾತೆಗೆ ಮೊಬೈಲ್‌ನಿಂದಲೇ ತಿಂಗಳಿಗೆ ಐನೂರು ರೂಪಾಯಿ ಹಾಕುವಂತಾಗಬೇಕು, ಮನೆಗೆಂದು ತೆಗೆದ ಮೊತ್ತ ತುಂಬುವವರೆಗಾದರೂ. ಮನೆ ಮಾರಿದರೆ ಆ ಮೊತ್ತ ಖಾತೆಗೆ ಮರಳಬೇಕೆಂಬ ಸಿಂಗಪುರದ ಷರತ್ತೂ ಬರಲಿ.

ಇದರ ಜೊತೆಗೆ ಒಂದು ಸಣ್ಣ ರಿಪೇರಿ ತಕ್ಷಣ ಆಗಬೇಕು. ಮದುವೆಯ ನಂತರ ಆಧಾರ್‌ನಲ್ಲಿ ಗಂಡನ ಹೆಸರು ಸೇರಿ, ಪಿಎಫ್ ದಾಖಲೆಯಲ್ಲಿ ತಂದೆಯ ಹೆಸರೇ ಉಳಿದಿರುವ ಹೆಣ್ಣುಮಕ್ಕಳ ಕ್ಲೇಮು ತಿರಸ್ಕೃತವಾಗುತ್ತದೆ. ನಮ್ಮಲ್ಲಿ ಇನಿಷಿಯಲ್ ಬಿಡಿಸಿ ಬರೆದದ್ದಕ್ಕೂ ಅದೇ ಗತಿ. ಸಂಚಕಾರ ಕೊಟ್ಟು ಕ್ರಯಪತ್ರದ ಗಡುವು ಎಣಿಸುತ್ತಿರುವವರಿಗೆ ಒಂದು ತಿರಸ್ಕಾರ ಎಂದರೆ ಮುಂಗಡ ಮುಳುಗಿತು ಎಂದರ್ಥ. ಹೆಸರಿನ ತಿದ್ದುಪಡಿಯನ್ನು ಮನೆ ನೋಡುವ ಮೊದಲೇ ಮುಗಿಸಿಕೊಳ್ಳಬೇಕು. ತಿರಸ್ಕರಿಸುವ ಕಚೇರಿಯೂ ಕಾರಣವನ್ನು ಕಾರ್ಮಿಕನ ಭಾಷೆಯಲ್ಲಿ, ಮರಾಠಿಯಲ್ಲಿ, ಕನ್ನಡದಲ್ಲಿ ಒಂದೇ ಸಲಕ್ಕೆ ಪೂರ್ತಿಯಾಗಿ ತಿಳಿಸಬೇಕು.