ಮಳೆಗೆ ಸೂಟಿ ಇಲ್ಲ

ಡಿಸೆಂಬರ ತಿಂಗಳಿನ ಕೊನೆಯ ವಾರ ಬಂದಿತೆಂದರೆ ಮಾಳಮಡ್ಡಿಯ ಓಣಿಗಳಲ್ಲಿ ಸೂಟಿಯ ಸಡಗರ ಕಾಣತೊಡಗುತ್ತದೆ. ಪರಸ್ಥಳದಲ್ಲಿ ನೌಕರಿಗಿರುವ ಮಕ್ಕಳು ಮನೆಗೆ ಬರುತ್ತಾರೆ. ಅನುಕೂಲವಿದ್ದವರು ಮಗ್ಗುಲಿನ ಸ್ಟೇಶನ್ನಿನಲ್ಲಿ ಗೋವೆಯ ಕಡೆಗೆ ರೈಲು ಹತ್ತುತ್ತಾರೆ. ಇಂಥ ದಿನಗಳಲ್ಲಿ ಮೋಡ ಕವಿದು, ಗಾಳಿ ಎದ್ದು, ಮಳೆ ಸುರಿದರೆ ಇಲ್ಲಿಯವರಿಗೆ ಅದೊಂದು ಕಿರಿಕಿರಿ, ಅಷ್ಟೆ. ಒಣಹಾಕಿದ ಅರಿವೆ ಒಳಗೆ ತಂದರಾಯಿತು. ಪ್ರವಾಸ ಎರಡು ದಿನ ಮುಂದೆ ಹಾಕಿದರಾಯಿತು. ಮಡ್ಡಿ ಎಂದರೆ ಎತ್ತರದ ಗಟ್ಟಿ ನೆಲ. ಅಲ್ಲಿ ಬಿದ್ದ ನೀರು ಇಳಿದು ಹೋಗುತ್ತದೆ.

ಆದರೆ ನೀರು ಇಳಿದು ಹೋಗದ ಸ್ಥಳಗಳೂ ಇದೇ ಜಿಲ್ಲೆಯಲ್ಲಿವೆ. ನವಲಗುಂದ, ಅಣ್ಣಿಗೇರಿ, ಕುಂದಗೋಳಗಳ ಎರೆಹೊಲಗಳಲ್ಲಿ ಈ ಹೊತ್ತು ವರ್ಷದ ದುಡಿಮೆ ಕೈಗೆ ಬರುವ ಹೊತ್ತು. ಹತ್ತಿ ಒಡೆದು ಗಿಡದಲ್ಲಿರುತ್ತದೆ. ಮೆಣಸಿನಕಾಯಿ ಕಣದಲ್ಲಿ ಒಣಗುತ್ತಿರುತ್ತದೆ. ಕಡಲೆ ಹೂವು ಕಾಯಿ ಹಿಡಿದಿರುತ್ತದೆ, ಬಿಳಿಜೋಳ ಎತ್ತರಕ್ಕೆ ಬೆಳೆದು ನಿಂತಿರುತ್ತದೆ. ಎರಡು ದಿನದ ಮಳೆ ಸಾಕು. ಹತ್ತಿ ಕಪ್ಪಾಗುತ್ತದೆ, ಮೆಣಸಿನಕಾಯಿ ಬಣ್ಣ ಕಳೆದುಕೊಂಡು ಬೂಷ್ಟು ಹಿಡಿಯುತ್ತದೆ, ಕಡಲೆಯ ಎಲೆಯ ಮೇಲಿನ ಹುಳಿ ತೊಳೆದುಹೋಗಿ ಕೀಡೆಗೆ ದಾರಿಯಾಗುತ್ತದೆ. ಗಾಳಿ ಜೋರಾದರೆ ಜೋಳ ನೆಲಕ್ಕೆ ಮಲಗುತ್ತದೆ. ಹತ್ತಿ ಬಿಡಿಸಿ ಕಿಲೋದ ಲೆಕ್ಕದಲ್ಲಿ ಕೂಲಿ ಪಡೆಯುವ ಹೆಣ್ಣುಮಕ್ಕಳಿಗೆ ಹೊಲ ಆರುವ ತನಕ ದುಡಿಮೆಯೂ ಇಲ್ಲ, ಕೂಲಿಯೂ ಇಲ್ಲ.

ಹಿಂಗಾರಿಯ ಕೊನೆಗೆ ಇಂಥ ಮಳೆ ಎಲ್ಲಿಂದ ಬರುತ್ತದೆಂದು ಕೇಳುವವರಿದ್ದಾರೆ. ಬಂಗಾಲ ಉಪಸಾಗರದಲ್ಲಿ ವಾಯುಭಾರ ಕುಸಿದರೆ ಅದರ ಮೋಡ ಇಡೀ ದಕ್ಷಿಣವನ್ನು ಆವರಿಸಬಲ್ಲದು. 2021ರ ನವೆಂಬರದಲ್ಲಿ ಅಕಾಲಿಕ ಮಳೆ ರಾಜ್ಯದ ಉದ್ದಗಲಕ್ಕೂ ಕೈಗೆ ಬಂದ ಬೆಳೆಯನ್ನು ಕೊಳೆಸಿತು. 2024ರ ನವೆಂಬರ 30ರಂದು ಪುದುಚೇರಿಯ ಬಳಿ ದಡ ಮುಟ್ಟಿದ ಫೆಂಗಲ್ ಚಂಡಮಾರುತದ ಮಳೆ ಘಟ್ಟ ದಾಟಿ ಹೋಗಿ ಮಂಗಳೂರು, ಉಡುಪಿಗಳ ಶಾಲೆಗಳನ್ನು ಮುಚ್ಚಿಸಿತು.

ಡಿಸೆಂಬರದ ಬಿರುಗಾಳಿ ಎಷ್ಟು ಕ್ರೂರವಾಗಬಲ್ಲದೆಂಬುದಕ್ಕೆ ಹಿರಿಯರು ಧನುಷ್ಕೋಟಿಯನ್ನು ನೆನೆಯುತ್ತಾರೆ. 1964ರ ಡಿಸೆಂಬರ 22ರ ರಾತ್ರಿ, ಕ್ರಿಸ್‌ಮಸ್ಸಿಗೆ ಎರಡೇ ದಿನ ಉಳಿದಿರುವಾಗ, ಸಮುದ್ರ ಉಕ್ಕಿ ಬಂದು ಪಾಂಬನ್ನಿನಿಂದ ಹೊರಟಿದ್ದ ಪ್ಯಾಸೆಂಜರ ಗಾಡಿಯನ್ನು 100ಕ್ಕೂ ಹೆಚ್ಚು ಜನರ ಸಮೇತ ಕೊಚ್ಚಿಕೊಂಡು ಹೋಯಿತು. ಪಾಂಬನ್ ಸೇತುವೆ ಮುರಿಯಿತು. ಆ ಸೇತುವೆಯನ್ನು ಇ. ಶ್ರೀಧರನ್ ಅವರ ನೇತೃತ್ವದಲ್ಲಿ 46 ದಿನಗಳಲ್ಲಿ ಎದ್ದು ನಿಲ್ಲಿಸಿದರು. ಧನುಷ್ಕೋಟಿ ಊರು ಮಾತ್ರ ಮತ್ತೆ ಏಳಲಿಲ್ಲ; ವಾಸಕ್ಕೆ ಅಯೋಗ್ಯವೆಂದು ಅದನ್ನು ಕೈಬಿಡಲಾಯಿತು. ಸೇತುವೆ ಕಟ್ಟಿದವರ ಶ್ರಮಕ್ಕೆ ನಾವು ತಲೆಬಾಗುತ್ತೇವೆ. ಸರಕಾರವು ಮನಸ್ಸು ಮಾಡಿದರೆ ಎಷ್ಟು ಬೇಗ ನಡೆಯಬಲ್ಲದೆಂಬುದನ್ನೂ ಅದೇ ಶ್ರಮ ತೋರಿಸಿಕೊಟ್ಟಿದೆ.

ಈಗ ನಮ್ಮ ಜಿಲ್ಲೆಯ ರೈತನ ವಿಷಯಕ್ಕೆ ಬರೋಣ. 2016ರಿಂದ ಜಾರಿಯಲ್ಲಿರುವ ಫಸಲ್ ಬಿಮಾ ಯೋಜನೆಯಲ್ಲಿ, ಕೊಯ್ದು ಹೊಲದಲ್ಲಿ ಒಣಗಲು ಹರವಿದ ಬೆಳೆಗೆ 14 ದಿನಗಳ ತನಕ ಅಕಾಲಿಕ ಮಳೆಯ ಹಾನಿಯಿಂದ ರಕ್ಷಣೆ ಉಂಟು. ಕೇಳಲು ಚೆನ್ನಾಗಿದೆ. ಆದರೆ ಹಾನಿಯಾದ 72 ತಾಸುಗಳೊಳಗೆ ರೈತನು ವರದಿ ಕೊಡಬೇಕೆಂಬ ನಿಯಮವೂ ಉಂಟು. ಈ 72 ತಾಸುಗಳಲ್ಲಿ ಸೂಟಿಯ ದಿನಗಳನ್ನು ಬಿಟ್ಟು ಎಣಿಸುವುದಿಲ್ಲ.

ಇದರ ಅರ್ಥವೇನೆಂದು ತಿಳಿಯಲು 2025ರ ಕ್ಯಾಲೆಂಡರ ತೆಗೆದು ನೋಡಿರಿ. ಡಿಸೆಂಬರ 25 ಗುರುವಾರ ಕ್ರಿಸ್‌ಮಸ್. 26 ಶುಕ್ರವಾರ ಕೆಲಸದ ದಿನ. 27 ನಾಲ್ಕನೆಯ ಶನಿವಾರ. ಸರಕಾರಿ ಕಚೇರಿಗಳಿಗೂ ಬ್ಯಾಂಕುಗಳಿಗೂ ಸೂಟಿ. 28 ರವಿವಾರ. 24ರ ರಾತ್ರಿ ಒಬ್ಬ ರೈತನ ಬೆಳೆ ತೊಯ್ದಿದ್ದರೆ ಅವನ ಗಡುವು 27ರ ರಾತ್ರಿಗೆ ಮುಗಿಯುತ್ತಿತ್ತು. ಆ ಮೂರು ದಿನಗಳಲ್ಲಿ ಕಚೇರಿಯ ಬಾಗಿಲು ತೆರೆದಿರುತ್ತಿದ್ದುದು ಒಂದೇ ದಿನ. ಅಂದು ಬಸ್ಸು ತಪ್ಪಿದವನ ಕಥೆ ಮುಗಿದಂತೆಯೇ.

ಫೋನು ಇದೆಯಲ್ಲ, ಮೊಬೈಲಿನಲ್ಲಿ ಆ್ಯಪ್ ಇದೆಯಲ್ಲ ಎಂದು ಅಧಿಕಾರಿಗಳು ಹೇಳಬಹುದು. ಇವೆ, ಇದ್ದದ್ದು ಒಳ್ಳೆಯದೇ. ಆದರೆ ಗಾಳಿಗೆ ಕಂಬ ಉರುಳಿ ಕರೆಂಟು ಹೋದ ಹಳ್ಳಿಯಲ್ಲಿ ಫೋನಿಗೆ ಜೀವ ಎಲ್ಲಿಂದ ಬರಬೇಕು? ಅಕ್ಷರ ಬಾರದ ಮುದುಕ ಸರ್ವೆ ನಂಬರನ್ನು ಆ್ಯಪಿನಲ್ಲಿ ತುಂಬುವುದು ಹೇಗೆ? ಇನ್ನು ಬಾಯಿಮಾತಿನ ಲಾವಣಿಯ ಮೇಲೆ ಹೊಲ ಹಿಡಿದವನ ಹೆಸರು ಉತಾರದಲ್ಲಿಯೇ ಇಲ್ಲ. ಬೀಜ ಅವನದು, ಗೊಬ್ಬರ ಅವನದು, ಹಾನಿಯೂ ಅವನದು. ಪರಿಹಾರ ಮಾತ್ರ ಉತಾರದಲ್ಲಿ ಹೆಸರಿದ್ದವನದು.

ನೌಕರರ ಸೂಟಿಯನ್ನು ಕಸಿದುಕೊಳ್ಳಿರೆಂದು ನಾವು ಹೇಳುತ್ತಿಲ್ಲ. ವಿಶ್ರಾಂತಿಯು ದುಡಿಯುವವನ ಹಕ್ಕು. ಅದಕ್ಕಾಗಿ ಹೋರಾಡಿದ ಪರಂಪರೆ ನಮ್ಮದು. ಆದರೆ ಪಟ್ಟಣದಲ್ಲಿ ಮರ ಬಿದ್ದು ತಂತಿ ಹರಿದರೆ ಹೆಸ್ಕಾಂನ ಲೈನ್‌ಮನ್ ಹಬ್ಬದ ದಿನವೂ ಕಂಬ ಹತ್ತುತ್ತಾನೆ. ಗಟಾರ ತುಂಬಿದರೆ ಪೌರಕಾರ್ಮಿಕ ರವಿವಾರವೂ ಇಳಿಯುತ್ತಾನೆ. ಪಟ್ಟಣಕ್ಕೆ ಪಾಳಿಯ ವ್ಯವಸ್ಥೆ ಸಾಧ್ಯವಾದರೆ ಹಳ್ಳಿಗೆ ಏಕೆ ಸಾಧ್ಯವಿಲ್ಲ?

ನಮ್ಮ ಬೇಡಿಕೆಗಳು ಸರಳವಾಗಿವೆ. ಒಂದು, ಸೂಟಿಯ ದಿನಗಳನ್ನು 72 ತಾಸಿನ ಗಡುವಿನಿಂದ ಹೊರಗಿಡಬೇಕು. ಎರಡು, ಹವಾಮಾನ ಇಲಾಖೆಯು ಕಿತ್ತಳೆ ಇಲ್ಲವೆ ಕೆಂಪು ಎಚ್ಚರಿಕೆ ಕೊಟ್ಟ ದಿನಗಳಲ್ಲಿ ಪ್ರತಿ ರೈತ ಸಂಪರ್ಕ ಕೇಂದ್ರದಲ್ಲಿ ಪಾಳಿಯ ಮೇಲೆ ಒಬ್ಬರಾದರೂ ಇದ್ದು ಅರ್ಜಿ ಬರೆದುಕೊಳ್ಳಬೇಕು. ಅವರಿಗೆ ಬದಲಿ ಸೂಟಿ ಕೊಡಬೇಕು. ಮೂರು, ಎಚ್ಚರಿಕೆಯನ್ನು ಪಂಚಾಯತಿಯವರು ಡಂಗುರ ಸಾರಿ ಮುಟ್ಟಿಸಬೇಕು, ಕಣಕ್ಕೆ ಹೊದಿಸಲು ತಾಡಪತ್ರಿಗಳನ್ನು ಮೊದಲೇ ಹಂಚಬೇಕು. ನಾಲ್ಕು, ಲಾವಣಿ ರೈತನನ್ನೂ ಕೂಲಿಕಾರರನ್ನೂ ಪರಿಹಾರದ ಪಟ್ಟಿಗೆ ಸೇರಿಸಬೇಕು.

ಆಗದ ಮಾತೆಂದು ಯಾರೂ ಹೇಳದಿರಲಿ. 2021ರ ಡಿಸೆಂಬರದಲ್ಲಿ, ಬೆಳಗಾವಿಯ ಅಧಿವೇಶನದಲ್ಲಿಯೇ, ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ಒಣಬೇಸಾಯದ ಬೆಳೆಹಾನಿ ಪರಿಹಾರವನ್ನು ಹೆಕ್ಟೇರಿಗೆ 6,800 ರೂಪಾಯಿಯಿಂದ 13,600ಕ್ಕೆ ಏರಿಸಬೇಕಾಯಿತು. ಎಕರೆಗೆ ಲೆಕ್ಕ ಹಾಕಿದರೆ ಸುಮಾರು 5,500 ರೂಪಾಯಿ; ಬಹಳವೇನಲ್ಲ. ಆದರೂ ಒತ್ತಾಯ ಬಂದಾಗ ಸರಕಾರದ ನಿಯಮ ಬದಲಾಗುತ್ತದೆಂಬುದಕ್ಕೆ ಅದು ಸಾಕ್ಷಿ.

ಎಳ್ಳ ಅಮಾವಾಸ್ಯೆಯಂದು ಹೊಲದಲ್ಲಿ ಚರಗ ಚೆಲ್ಲಿ, ಮನೆಮಂದಿಯೆಲ್ಲ ಕೂಡಿ ಉಣ್ಣುವುದು ಎರೆಸೀಮೆಯ ರೈತನಿಗೆ ಚಳಿಗಾಲದ ಸೂಟಿ. ಅಂದು ಅವನು ನಿಶ್ಚಿಂತೆಯಿಂದ ಉಣ್ಣುವಂತಾಗಬೇಕು. ನಮ್ಮ ಓದುಗರಲ್ಲಿ ಕಚೇರಿಗಳಲ್ಲಿ ದುಡಿಯುವವರು ಬಹಳ ಮಂದಿ ಇದ್ದಾರೆ, ಮಾಳಮಡ್ಡಿಯಲ್ಲಂತೂ ಮನೆಗೊಬ್ಬರು. ಕಚೇರಿಯ ಕೀಲಿಕೈ ಅವರ ಬಳಿ ಇದೆ. ಮೋಡ ಕವಿಯುವ ಮೊದಲೇ ಈ ಬೇಡಿಕೆಗಳನ್ನು ತಮ್ಮ ಸಂಘಗಳ ಸಭೆಯಲ್ಲಿ ಎತ್ತಬೇಕೆಂದು ಅವರನ್ನು ನಾವು ಕೇಳಿಕೊಳ್ಳುತ್ತೇವೆ.