ಕೂಗಿನ ಬೆಲೆ

2012ನೆಯ ಇಸವಿಯ ಮೊದಲ ಏಳು ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಗೆ ನಿದ್ರೆ ಸರಿಯಾಗಿ ಬರಲಿಲ್ಲ. ಆತ ಲಂಡನ್ನಿನಲ್ಲಿ ನೆಲೆಸಿದ್ದ ಎಂಜಿನಿಯರು. ಕೋವ್ ಎನರ್ಜಿ ಎಂಬ ಪುಟ್ಟ ಕಂಪನಿಯ ನಾಲ್ಕು ಸಾವಿರ ಷೇರುಗಳನ್ನು ಕೊಂಡಿದ್ದ. ವಾರಕ್ಕೊಮ್ಮೆ ಫೋನು ಮಾಡಿ, ಮೊದಲು ನನ್ನ ಮಂಡಿನೋವನ್ನು ವಿಚಾರಿಸಿ, ಅನಂತರ ನಿಜವಾದ ವಿಷಯಕ್ಕೆ ಬರುತ್ತಿದ್ದ: "ಮೇಷ್ಟ್ರೇ, ಷೆಲ್‌ನವರು ಇನ್ನೊಂದು ಸವಾಲು ಹಾಕಿಯೇ ಹಾಕುತ್ತಾರೆ, ನೋಡುತ್ತಿರಿ." ಜೀವಮಾನವೆಲ್ಲ ವ್ಯಾಕರಣ ಛಂದಸ್ಸುಗಳನ್ನು ಕಲಿಸಿದ ನನಗೆ ಷೇರು ಪೇಟೆಯ ಗಂಧವಿರಲಿಲ್ಲ. ಆದರೂ ಕೇಳುತ್ತ ಕೇಳುತ್ತ ನನಗೂ ಕುತೂಹಲ ಹುಟ್ಟಿತು. ಆ ಕುತೂಹಲ ಕೊನೆಗೆ ನಮ್ಮಿಬ್ಬರೊಳಗೆ ಒಂದು ಜಗಳವನ್ನೇ ತಂದಿತು. ಆ ಜಗಳದಲ್ಲಿ ನಾನು ಹಿಡಿದ ಪಕ್ಷವನ್ನು ಇಂದಿಗೂ ಬಿಟ್ಟಿಲ್ಲವಾದುದರಿಂದ ಇದನ್ನು ಬರೆಯುತ್ತಿದ್ದೇನೆ.

ಕೋವ್ ಕಂಪನಿಯ ಆಸ್ತಿಯೆಂದರೆ ಮುಖ್ಯವಾಗಿ ಒಂದೇ: ಆಫ್ರಿಕದ ಪೂರ್ವ ತೀರದ ಮೊಜಾಂಬಿಕ್ ದೇಶದ ಉತ್ತರದಲ್ಲಿ, ರೊವೂಮಾ ಎಂಬ ಕಡಲ ಪ್ರದೇಶದ ಮೊದಲನೆಯ ವಲಯದಲ್ಲಿ, ಶೇಕಡಾ ಎಂಟೂವರೆ ಪಾಲು. ಆ ವಲಯದ ಯಜಮಾನಿಕೆ ಅಮೆರಿಕದ ಅನಾಡಾರ್ಕೊ ಕಂಪನಿಯದು. 2010ರಲ್ಲಿ ಅಲ್ಲಿ, ಸುಮಾರು ಒಂದೂವರೆ ಸಾವಿರ ಮೀಟರು ನೀರಿನ ಕೆಳಗಿನ ನೆಲವನ್ನು ಕೊರೆದಾಗ, ಅಪಾರವಾದ ನೈಸರ್ಗಿಕ ಅನಿಲ ಸಿಕ್ಕಿತು. ಸಿಕ್ಕಿತೆಂದರೆ, ಇದೆಯೆಂದು ತಿಳಿಯಿತು, ಅಷ್ಟೆ. ಅದನ್ನು ಮೇಲೆತ್ತಿ, ದಡಕ್ಕೆ ತಂದು, ತಣಿಸಿ ದ್ರವವಾಗಿಸಿ ಹಡಗಿಗೆ ತುಂಬುವ ಕಾರ್ಯ ಇನ್ನೂ ಕಾಗದದ ಮೇಲಿತ್ತು. ಕೋವ್‌ನಂತಹ ಸಣ್ಣ ಕಂಪನಿಗೆ ಅಷ್ಟು ಬಂಡವಾಳವೆಲ್ಲಿಯದು? 2012ರ ಜನವರಿಯಲ್ಲಿ ಅದು ತನ್ನನ್ನು ತಾನೇ ಮಾರಾಟಕ್ಕೆ ಇಟ್ಟುಕೊಂಡಿತು.

ನಮ್ಮ ಹಳ್ಳಿಗಳಲ್ಲಿ ಹುಣಸೆ ಮರದ ಫಸಲನ್ನು ಹರಾಜು ಕೂಗುವುದನ್ನು ವಾಚಕರು ಕಂಡಿರಬಹುದು. ಮರದಲ್ಲಿ ಕಾಯಿ ಎಷ್ಟಿದೆಯೆಂದು ಕತ್ತೆತ್ತಿ ನೋಡುವವರಿಗಿಂತ, ಎದುರಾಳಿಯ ಮುಖವನ್ನು ನೋಡುವವರೇ ಹೆಚ್ಚು. ಲಂಡನ್ನಿನಲ್ಲಿಯೂ ಹಾಗೆಯೇ ಆಯಿತು. ಫೆಬ್ರವರಿಯಲ್ಲಿ ಷೆಲ್ ಕಂಪನಿ ಷೇರೊಂದಕ್ಕೆ 195 ಪೆನ್ಸ್ ಎಂದಿತು. ಎರಡು ದಿನ ಕಳೆಯುವಷ್ಟರಲ್ಲಿ ಥಾಯ್ಲೆಂಡಿನ ಸರ್ಕಾರಿ ತೈಲ ಕಂಪನಿಯಾದ ಪಿ.ಟಿ.ಟಿ.ಇ.ಪಿ. 220 ಎಂದಿತು. ಷೆಲ್ ಎರಡು ತಿಂಗಳು ಯೋಚಿಸಿ, ಏಪ್ರಿಲಿನಲ್ಲಿ ತಾನೂ 220 ಎಂದಿತು. ಮೇ ತಿಂಗಳಿನಲ್ಲಿ ಥಾಯ್ ಕಂಪನಿ 240ಕ್ಕೆ ಏರಿತು. ಒಟ್ಟಿನಲ್ಲಿ 122 ಕೋಟಿ ಪೌಂಡು. ನಮ್ಮ ಒ.ಎನ್.ಜಿ.ಸಿ. ಮತ್ತು ಗೇಲ್ ಕಂಪನಿಗಳು ಸೇರಿ ಸವಾಲು ಹಾಕಬಹುದೆಂಬ ವದಂತಿಯೂ ಆ ದಿನಗಳಲ್ಲಿ ಪತ್ರಿಕೆಗಳಲ್ಲಿ ಓಡಾಡಿತು; ಅವು ಹಾಕಲಿಲ್ಲ.

ಇಲ್ಲಿ ನನ್ನ ಶಿಷ್ಯನ ವಿದ್ಯೆಯನ್ನು ಸ್ವಲ್ಪ ವರ್ಣಿಸಬೇಕು. ತರಗತಿಯಲ್ಲಿ ಪದವಿಭಾಗ ಮಾಡಲು ಆಕಳಿಸುತ್ತಿದ್ದ ಹುಡುಗ, ಕಂಪನಿಯ ಪ್ರಕಟಣೆಯೊಂದು ಹೊರಬಿದ್ದರೆ ಪದಪದವನ್ನೂ ಬಿಡಿಸಿ ಅರ್ಥ ಹೇಳುತ್ತಿದ್ದ. "ಪರಿಶೀಲಿಸುತ್ತಿದ್ದೇವೆ" ಎಂದರೆ ಒಂದರ್ಥ. "ಎಲ್ಲ ಮಾರ್ಗಗಳನ್ನೂ ಪರಿಶೀಲಿಸುತ್ತಿದ್ದೇವೆ" ಎಂದರೆ ಬೇರೊಂದು. ಇದು ಬರಿಯ ಹುಚ್ಚೆಂದು ತಳ್ಳಿಹಾಕುವಂತಿಲ್ಲ. ಕಂಪನಿಗಳನ್ನು ಕೊಳ್ಳುವ ವಿಷಯದಲ್ಲಿ ಲಂಡನ್ನಿನ ಪೇಟೆಗೆ ಒಂದು ನಿಯಮಾವಳಿಯಿದೆ. ಅದರ ಪ್ರಕಾರ ಕೊಳ್ಳುವವನೊಬ್ಬ "ಇನ್ನು ಬೆಲೆ ಹೆಚ್ಚಿಸೆನು" ಎಂದು ಬಹಿರಂಗವಾಗಿ ನುಡಿದರೆ ಆ ಮಾತಿಗೆ ಕಟ್ಟುಬೀಳಬೇಕು. ಸವಾಲು ಹಾಕಬಹುದೆಂದು ಹೆಸರು ಹೊರಬಿದ್ದವನು, 2011ರಿಂದೀಚೆಗೆ, ಸಾಮಾನ್ಯವಾಗಿ 28 ದಿನಗಳೊಳಗೆ ತನ್ನ ನಿಲುವನ್ನು ತಿಳಿಸಬೇಕು. ಆಡಿದ ಮಾತಿಗೆ ಇಷ್ಟು ತೂಕವಿರುವ ಕಡೆ, ಆಡದ ಮಾತಿಗೂ ತೂಕ ಬರುವುದು ಸಹಜ. ಷೆಲ್ ಸುಮ್ಮನಿದ್ದಿತು; ಹೆಚ್ಚಿಸುವುದಿಲ್ಲವೆಂದು ಹೇಳಲಿಲ್ಲ. ಆದುದರಿಂದ ಹೆಚ್ಚಿಸುತ್ತದೆ ಎಂದು ನನ್ನ ಶಿಷ್ಯನೂ ಅವನಂತಹ ಸಾವಿರಾರು ಜನರೂ ತರ್ಕಿಸಿದರು. ಪೇಟೆಯಲ್ಲಿ ಷೇರಿನ ಬೆಲೆ ಥಾಯ್ ಕಂಪನಿಯ 240ನ್ನೂ ದಾಟಿ ನಿಂತಿತು. ಯಾರೂ ಇನ್ನೂ ಕೂಗದ ಕೂಗಿಗೆ ಜನ ದುಡ್ಡು ಕೊಡುತ್ತಿದ್ದರು!

ಜುಲೈ 16ರಂದು ಷೆಲ್ ಹಿಂದೆ ಸರಿಯಿತು. ಅಂದು ಬಂದ ಫೋನನ್ನು ನಾನು ಮರೆಯಲಾರೆ. ಕೊಟ್ಟ ಹಣದ ಮೇಲೆ ಒಳ್ಳೆಯ ಲಾಭ ಬಂದಿದ್ದರೂ, ಮನೆಯಲ್ಲಿ ಯಾರೋ ತೀರಿಕೊಂಡವರಂತೆ ಆತ ಮಾತನಾಡಿದ. ಮೇಲಿನ ಬೆಲೆಯಿದ್ದಾಗ ಪೇಟೆಯಲ್ಲೇ ಮಾರಿಬಿಡಬೇಕಿತ್ತು, ಇನ್ನಷ್ಟು ಆಸೆಪಟ್ಟೆ ಎಂದ. ಅವನು ಕಳೆದುಕೊಂಡುದು ಎಂದೂ ಅವನ ಕೈಗೆ ಬಾರದಿದ್ದ ಹಣ. ನಾನು ನಗಲಿಲ್ಲ. ಬಾರದ ಬಹುಮಾನಗಳಿಗಾಗಿ ಕೊರಗಿದ ಸಾಹಿತಿಗಳನ್ನು ನಾನು ಹತ್ತಿರದಿಂದ ಬಲ್ಲೆ.

ಜಗಳವಾದುದು ಇದಕ್ಕಲ್ಲ, ತೆರಿಗೆಗೆ. ಮಾರಾಟದ ಮಾತು ನಡೆಯುತ್ತಿದ್ದಾಗಲೇ ಮೊಜಾಂಬಿಕ್ ಸರ್ಕಾರ, ಈ ವಹಿವಾಟಿನ ಲಾಭದ ಮೇಲೆ ತನಗೆ ಶೇಕಡಾ 12.8 ತೆರಿಗೆ ಸಲ್ಲಬೇಕೆಂದಿತು. "ಇದು ದರೋಡೆ, ಮೇಷ್ಟ್ರೇ," ಎಂದ ನನ್ನ ಶಿಷ್ಯ. "ಕಂಪನಿ ಇಂಗ್ಲೆಂಡಿನದು, ಮಾರುವವರು ಇಲ್ಲಿಯವರು, ಕೊಳ್ಳುವವರು ಥಾಯ್ಲೆಂಡಿನವರು. ನಡುವೆ ಆ ಸರ್ಕಾರಕ್ಕೇನು ಕೆಲಸ?" ನಾನು ಕೇಳಿದೆ: "ಹುಣಸೆ ಮರ ಯಾರ ಊರಿನಲ್ಲಿದೆಯಪ್ಪ?" ಅವನಿಗೆ ಕೋಪ ಬಂದಿತು. ಎರಡು ತಿಂಗಳು ನನ್ನ ಮಂಡಿಯನ್ನು ಯಾರೂ ವಿಚಾರಿಸಲಿಲ್ಲ.

ಅವನ ವಾದಕ್ಕೆ ಆಧಾರವಿರಲಿಲ್ಲವೆಂದಲ್ಲ. ಅದೇ ವರ್ಷದ ಜನವರಿ 20ರಂದು ನಮ್ಮ ಸುಪ್ರೀಂ ಕೋರ್ಟು ವೊಡಾಫೋನ್ ಮೊಕದ್ದಮೆಯಲ್ಲಿ ಹೆಚ್ಚುಕಡಮೆ ಅದನ್ನೇ ಹೇಳಿತ್ತು. ಹಚಿಸನ್ ಕಂಪನಿ ಭಾರತದ ತನ್ನ ದೂರವಾಣಿ ವ್ಯಾಪಾರವನ್ನು 2007ರಲ್ಲಿ ವೊಡಾಫೋನಿಗೆ ಮಾರಿದಾಗ ಕೈ ಬದಲಿಸಿದ್ದು ಕೇಮನ್ ದ್ವೀಪದ ಒಂದು ಕಂಪನಿಯ ಷೇರು. ಎರಡು ವಿದೇಶಿ ಕಂಪನಿಗಳ ನಡುವಣ ಈ ಮಾರಾಟಕ್ಕೆ ಅಂದಿನ ಕಾನೂನಿನಂತೆ ಭಾರತ ತೆರಿಗೆ ಹಾಕಲಾಗದೆಂದು ತೀರ್ಪಾಯಿತು. ಸರ್ಕಾರ ಸೋತು ಸುಮ್ಮನಿರದೆ, ಕಾನೂನನ್ನೇ ತಿದ್ದಿ, ಆ ತಿದ್ದುಪಡಿ 1962ರಿಂದಲೇ ಜಾರಿಯಲ್ಲಿದ್ದಂತೆ ಎಣಿಸತಕ್ಕದ್ದೆಂದು ವಿಧಿಸಿತು. ಹಿಂದಕ್ಕೆ ಚಾಚಿದ ಆ ಕೈಯನ್ನು ಒಂಬತ್ತು ವರ್ಷಗಳ ಮೇಲೆ, 2021ರ ಆಗಸ್ಟಿನಲ್ಲಿ, ಹಿಂತೆಗೆದುಕೊಳ್ಳಬೇಕಾಯಿತು.

ಹಿಂದಿನ ದಿನಾಂಕ ಹಾಕಿದ ತೆರಿಗೆಯನ್ನು ನಾನು ಒಪ್ಪುವವನಲ್ಲ. ಮೊಜಾಂಬಿಕ್ ಮಾಡಿದ್ದು ಅದಲ್ಲ. ಹಣ ಕೈ ಬದಲಾಯಿಸುವ ಮೊದಲೇ ತನ್ನ ಪಾಲನ್ನು ಹೇಳಿತು. ಆಮೇಲೂ ಥಾಯ್ ಕಂಪನಿ ಕೊಂಡಿತು, ಓಡಿಹೋಗಲಿಲ್ಲ. ಲಾಭದ ಮೂಲವನ್ನು ಎಣಿಸಿ ನೋಡಿ. ಕೋವ್‌ನ ಷೇರುದಾರರು ಅಪಾಯಕ್ಕೆ ಹಣ ಒಡ್ಡಿದರು. ಅದಕ್ಕೆ ಫಲ ಸಲ್ಲಬೇಕು. ಆದರೆ 195 ಎಂದುದು 240 ಆದ ಆ ಮೂರು ತಿಂಗಳಲ್ಲಿ ಅವರು ಮಾಡಿದ ಕೆಲಸವಾದರೂ ಏನು? ಕಡಲಿನ ತಳದ ಅನಿಲ ಇಬ್ಬರಿಗೆ ಬೇಕಾಯಿತು, ಬೆಲೆ ಏರಿತು. ಊಹೆಗೂ ಕಾಯುವಿಕೆಗೂ ನಿದ್ರೆಗೆಟ್ಟುದಕ್ಕೂ ಕೂಲಿ ಇದೆಯೆಂದಾದರೆ, ಆ ಅನಿಲ ಯಾರ ಕಡಲಿನಲ್ಲಿದೆಯೋ ಅವರಿಗೆ ನೂರಕ್ಕೆ ಹದಿಮೂರು ಸಹ ಇಲ್ಲವೆನ್ನುವುದು ಯಾವ ನ್ಯಾಯ?

ಆ ಹದಿಮೂರು ಅಲ್ಲಿಯ ಬಡವನ ಮನೆಗೆ ತಲಪಿತೆಂದು ನಾನು ವಾದಿಸುತ್ತಿಲ್ಲ. ಸರ್ಕಾರದ ಖಜಾನೆ ಎಂಬುದು ಎಲ್ಲ ಕಡೆಯೂ ಉದ್ದವಾದ ಕಾಲುವೆ. ನೀರು ಬಿಟ್ಟ ಕಡೆಯಿಂದ ಗದ್ದೆಗೆ ಬಹಳ ದೂರ. ಆದರೆ ಕಾಲುವೆಗೆ ನೀರನ್ನೇ ಬಿಡಬಾರದೆನ್ನುವವರು ಗದ್ದೆಯ ಒಣಗುವಿಕೆಯನ್ನು ತೋರಿಸಿ ವಾದಿಸುವುದು ಸೋಜಿಗ.

ಆ ಅನಿಲದ ಮುಂದಿನ ಕಥೆಯನ್ನೂ ಹೇಳಬೇಕು. 2013ರಲ್ಲಿ ಒ.ಎನ್.ಜಿ.ಸಿ. ವಿದೇಶ್ ಅದೇ ವಲಯದಲ್ಲಿ ಶೇಕಡಾ ಹತ್ತು ಪಾಲನ್ನು ಅನಾಡಾರ್ಕೊದಿಂದ 264 ಕೋಟಿ ಡಾಲರಿಗೆ ಕೊಳ್ಳಲು ಒಪ್ಪಿಕೊಂಡಿತು. ಆಯಿಲ್ ಇಂಡಿಯಾದೊಡನೆ ಸೇರಿ ವಿಡಿಯೊಕಾನಿನ ಹತ್ತನ್ನೂ ಕೊಂಡಿತು. ಭಾರತ್ ಪೆಟ್ರೋಲಿಯಂನ ಹತ್ತು ಮೊದಲೇ ಇತ್ತು. ನಮ್ಮ ಎಷ್ಟೋ ಮನೆಗಳ ಸಿಲಿಂಡರಿನ ಮೇಲೆ ಯಾವ ಹೆಸರಿದೆಯೋ ಅದೇ ಕಂಪನಿ. ಹೀಗೆ ನೂರಕ್ಕೆ ಮೂವತ್ತು ಪಾಲು ನಮ್ಮವೇ ಆದುದರಿಂದ, ಈ ನ್ಯಾಯಾನ್ಯಾಯ ಪರಕೀಯರ ಮನೆಯ ಮಾತೆಂದು ನಾವು ಕೈ ತೊಳೆದುಕೊಳ್ಳುವಂತಿಲ್ಲ. 2019ರಲ್ಲಿ ಅನಾಡಾರ್ಕೊ ತಾನೇ ಹರಾಜಿಗೆ ಸಿಕ್ಕಿತು. ಷೆವ್ರಾನ್ 3,300 ಕೋಟಿ ಡಾಲರು ಎಂದರೆ ಆಕ್ಸಿಡೆಂಟಲ್ 3,800 ಎಂದಿತು. ಷೆವ್ರಾನ್ ಮರುಕೂಗು ಹಾಕದೆ, ಒಪ್ಪಂದ ಮುರಿದುದಕ್ಕಾಗಿ ನೂರು ಕೋಟಿ ಡಾಲರು ಪರಿಹಾರ ಪಡೆದು ನಿರ್ಗಮಿಸಿತು. ಸೋತವನಿಗೆ ಅಷ್ಟು ಸಿಗುವ ಆಟ ಬೇರೊಂದು ನನಗೆ ತಿಳಿಯದು. ಮೊಜಾಂಬಿಕಿನ ಪಾಲು 390 ಕೋಟಿ ಡಾಲರಿಗೆ ಫ್ರಾನ್ಸಿನ ಟೋಟಲ್ ಕಂಪನಿಗೆ ಹೋಯಿತು.

ಇಷ್ಟು ಕೈ ಬದಲಾದರೂ ಈ ವಲಯದ ಅನಿಲ ಇದ್ದಲ್ಲಿಯೇ ಇತ್ತು. ಅಲುಗಿದವರು ಮೇಲಿನ ಜನ. ಅಫೂಂಜಿ ಎಂಬ ಭೂಶಿರದಲ್ಲಿ ಕಾರ್ಖಾನೆಗಾಗಿ ಐನೂರಕ್ಕೂ ಮಿಕ್ಕ ಕುಟುಂಬಗಳನ್ನು ಎಬ್ಬಿಸಿ, ಕಿತುಂಡಾ ಎಂಬ ಹೊಸ ಊರು ಕಟ್ಟಿ ಇರಿಸಿದರು. ಅವರಲ್ಲಿ ಅನೇಕರು ಕಡಲನ್ನು ನಂಬಿ ಬದುಕಿದವರು. 2017ರಲ್ಲಿ ಆ ಸೀಮೆಯಲ್ಲಿ ಸಶಸ್ತ್ರ ದಂಗೆ ಹೊತ್ತಿತು. 2021ರ ಮಾರ್ಚಿನಲ್ಲಿ ಪಕ್ಕದ ಪಾಲ್ಮಾ ಪಟ್ಟಣದ ಮೇಲೆ ದಾಳಿಯಾಗಿ ಬಹಳ ಜನ ಸತ್ತರು. ಟೋಟಲ್ ಕೆಲಸ ನಿಲ್ಲಿಸಿ, ಕರಾರಿನ ಹೊಣೆ ತನ್ನ ಕೈಮೀರಿತೆಂದು ಸಾರಿತು. ಆ ಸಾರಿಕೆಯನ್ನು ಹಿಂತೆಗೆದುಕೊಂಡದ್ದು 2025ರ ನವೆಂಬರಿನಲ್ಲಿ. ಮೊದಲ ಹಡಗು ತುಂಬುವುದು 2029ಕ್ಕೆ ಎಂದು ಆಗ ಹೇಳಿತು.

ಆ ಸುದ್ದಿಯನ್ನು ಓದಿ ನಾನೇ ಶಿಷ್ಯನಿಗೆ ಫೋನು ಮಾಡಿದೆ. ಅವನಿಗೂ ಈಗ ಮಂಡಿನೋವು ಶುರುವಾಗಿದೆ. ಬಹಳ ಹೊತ್ತು ಅದನ್ನೇ ಮಾತನಾಡಿದೆವು. ಕೊನೆಗೆ ಆತನೇ, "ಆ ಮೀನುಗಾರರಿಗೆ ಏನು ಕೊಟ್ಟರಂತೆ, ಮೇಷ್ಟ್ರೇ?" ಎಂದು ಕೇಳಿದ. ಮನೆ ಕಟ್ಟಿಕೊಟ್ಟರು ಎಂದೆ. "ಕಡಲಿನ ಹತ್ತಿರವೇ?" ಎಂದ. ಅಲ್ಲವೆಂದೆ.