ತಾಡಪತ್ರಿಯೊಳಗಿನ ಕೆಂಡ

ಬನದ ಹುಣ್ಣಿಮೆ ಸಮೀಪಿಸಿದಂತೆ ಬೈಲಹೊಂಗಲ, ಕಿತ್ತೂರು, ರಾಮದುರ್ಗಗಳ ಕಡೆಯಿಂದ ಸವದತ್ತಿಯ ಎಲ್ಲಮ್ಮನ ಗುಡ್ಡದತ್ತ ಸಾಗುವ ಬಂಡಿಗಳ ಸಾಲನ್ನು ವಾಚಕರಲ್ಲಿ ಅನೇಕರು ಕಂಡಿರಬಹುದು. ಕೆಲವರು ಅವುಗಳಲ್ಲಿ ಕುಳಿತು ಹೋಗಿಯೂ ಇರಬಹುದು. ಹಿಂದೆ ಎತ್ತಿನ ಚಕ್ಕಡಿಗಳು, ಕೊಲ್ಲಾರಿ ಬಂಡಿಗಳೇ ಹೆಚ್ಚು. ಈಗ ಟ್ರ್ಯಾಕ್ಟರಿನ ಟ್ರೇಲರಿಗೆ ಕಮಾನು ಕಟ್ಟಿ, ಮೇಲೆ ತಾಡಪತ್ರಿ ಹೊದಿಸಿ, ಕಾಳುಕಡಿ, ಪಾತ್ರೆಪಡಗಗಳೊಡನೆ ಮನೆಮಂದಿಯೆಲ್ಲ ಹೊರಡುತ್ತಾರೆ. ಪಾಶ್ಚಾತ್ಯ ದೇಶಗಳಲ್ಲಿ ‘ಮೋಟರ್‌ಹೋಮ್’ ಎಂದು ಕರೆಯುವ ಗಾಲಿಯ ಮನೆಗೂ ಇದಕ್ಕೂ ವೈಭವದಲ್ಲಿ ಅಂತರವಿದೆಯೇ ಹೊರತು ತತ್ತ್ವದಲ್ಲಿಲ್ಲ. ಎರಡರ ಮುಂದೆಯೂ ಇರುವ ಪ್ರಶ್ನೆ ಒಂದೇ: ವಿದ್ಯುತ್ತಿನ ತಂತಿಯಿಲ್ಲದ ಬಯಲಿನಲ್ಲಿ ಚಳಿಯ ರಾತ್ರಿಯನ್ನು ಕಳೆಯುವುದು ಹೇಗೆ?

ಜನವರಿಯಲ್ಲಿ ಈ ಸೀಮೆಯ ಉಷ್ಣಮಾನವು ಬೆಳಗಿನ ಜಾವಕ್ಕೆ 15 ಡಿಗ್ರಿ ಸೆಂಟಿಗ್ರೇಡಿಗೂ ಕೆಳಗೆ ಇಳಿಯುವುದುಂಟು. ಹಿಮಾಲಯದವರು ಕೇಳಿದರೆ ನಕ್ಕಾರು. ಆದರೆ ಗುಡ್ಡದ ಗಾಳಿ, ಕೆಳಗೆ ಕಬ್ಬಿಣದ ತಳ, ಜೊತೆಗೆ ಎಳೆಯ ಮಕ್ಕಳು, ವೃದ್ಧರು ಇದ್ದಾಗ ಆ ಚಳಿಯೂ ಸಹಿಸಲಸಾಧ್ಯವಾಗುತ್ತದೆ. ಆಗ ಯಾರಾದರೊಬ್ಬರಿಗೆ ಸುಲಭೋಪಾಯವೊಂದು ಹೊಳೆಯುತ್ತದೆ. ಒಲೆಯಲ್ಲಿ ಉಳಿದ ಕೆಂಡವನ್ನು ಕಬ್ಬಿಣದ ಬುಟ್ಟಿಗೆ ತುಂಬಿ ಒಳಗಿಟ್ಟು, ತಾಡಪತ್ರಿಯ ಅಂಚುಗಳನ್ನು ಬಿಗಿದು ಮಲಗುವುದೇ ಆ ಉಪಾಯ. ಇದು ಪ್ರಾಣಕ್ಕೆ ಎರವಾಗುವ ಪದ್ಧತಿ; ಇದನ್ನು ಸಂಪೂರ್ಣವಾಗಿ ಕೈಬಿಡಬೇಕೆಂಬುದೇ ನನ್ನ ವಾದ.

“ನಮ್ಮ ಅಜ್ಜಂದಿರೂ ಬೆಂಕಿ ಕಾಯಿಸಿಕೊಂಡೇ ಜಾತ್ರೆ ಮಾಡಿದರಲ್ಲ?” ಎಂದು ಕೇಳುವವರುಂಟು. ನ್ಯಾಯವಾದ ಪ್ರಶ್ನೆಯೇ. ಆದರೆ ಅಜ್ಜನ ಬೆಂಕಿ ಬಂಡಿಯ ಹೊರಗೆ, ಬಯಲಿನಲ್ಲಿ ಉರಿಯುತ್ತಿತ್ತು. ಅವನ ಬಂಡಿಯ ಮೇಲೆ ಬಿದಿರಿನ ತಟ್ಟಿಯೋ ಚಾಪೆಯೋ ಇರುತ್ತಿತ್ತು; ಅದರ ನೂರು ಸಂದುಗಳಿಂದ ಗಾಳಿಯಾಡುತ್ತಿತ್ತು. ಇಂದಿನ ಪ್ಲಾಸ್ಟಿಕ್ ತಾಡಪತ್ರಿಯಾದರೋ ಗಾಳಿಯನ್ನು ಬಿಡುವ ವಸ್ತುವೇ ಅಲ್ಲ. ಬೆಂಕಿ ಹಳೆಯದಿರಬಹುದು, ಗೂಡು ಹೊಸದಾಗಿದೆ.

ಕೆಂಡದಲ್ಲಿ ಹೊಗೆ ಕಾಣದಿರುವುದರಿಂದ ಅದು ನಿರಪಾಯಕರವೆಂದು ಜನ ನಂಬುತ್ತಾರೆ. ವಾಸ್ತವದಲ್ಲಿ ಹೊಗೆಯೇ ಮೇಲು; ಅದು ಕಣ್ಣುರಿಸಿ, ಕೆಮ್ಮಿಸಿ ಎಬ್ಬಿಸುತ್ತದೆ. ಇಂಗಾಲವು ಉರಿದಾಗ ಕಾರ್ಬನ್ ಡೈ ಆಕ್ಸೈಡು ಹುಟ್ಟುತ್ತದೆ. ಆ ಅನಿಲವು ಮತ್ತೆ ಕೆಂಪಗೆ ಕಾದ ಇದ್ದಿಲಿನ ಮೂಲಕ ಹಾಯುವಾಗ ಕಾರ್ಬನ್ ಮಾನಾಕ್ಸೈಡಾಗಿ ಮಾರ್ಪಡುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚಿನ ಒಲವಿನಿಂದ ಇದನ್ನು ಹಿಡಿದುಕೊಳ್ಳುತ್ತದೆ. ಸಾವಿರ ಭಾಗ ಗಾಳಿಯಲ್ಲಿ ಇದು ಒಂದು ಭಾಗದಷ್ಟಿದ್ದರೂ ಕೆಲವೇ ಗಂಟೆಗಳಲ್ಲಿ ಮರಣ ಸಂಭವಿಸಬಹುದು. ಎಚ್ಚರವಿದ್ದವನಿಗೆ ತಲೆನೋವು, ಓಕರಿಕೆ, ಜೋಂಪು ತೋರುತ್ತವೆ. ಮಲಗಿದವನಿಗೆ ಅದೂ ಇಲ್ಲ. ಬ್ರಿಟನ್ನಿನ ಹಾಲ್ಡೇನ್ ಎಂಬ ವಿಜ್ಞಾನಿಯು 1890ರ ದಶಕದಲ್ಲಿ ಗಣಿಗಳ ಸಾವುಗಳನ್ನು ಪರಿಶೀಲಿಸಿ, ಸಣ್ಣ ಪ್ರಾಣಿಗಳನ್ನು ಎಚ್ಚರಿಕೆಗಾಗಿ ಒಯ್ಯಬೇಕೆಂದು ಸೂಚಿಸಿದನು. ಅಲ್ಲಿಯ ಗಣಿಗಳಲ್ಲಿ ಕ್ಯಾನರಿ ಹಕ್ಕಿಗಳು 1986ರವರೆಗೂ ಈ ಕೆಲಸ ಮಾಡಿದವು. ಈಗ ಬ್ಯಾಟರಿಯ ಸಣ್ಣ ಯಂತ್ರಗಳು ಬಂದಿವೆ.

ಹಾಗಾದರೆ ಪಾಶ್ಚಾತ್ಯರು ತಮ್ಮ ಗಾಲಿಮನೆಯನ್ನು ಹೇಗೆ ಕಾಯಿಸುತ್ತಾರೆ? ವಿದ್ಯುತ್ತಿನಿಂದ ಸಾಗದು. 12 ವೋಲ್ಟಿನ, 100 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ 1.2 ಯೂನಿಟ್ ಶಕ್ತಿಯಿರುತ್ತದೆ. 1,000 ವಾಟಿನ ಹೀಟರು ಅದನ್ನು ಸುಮಾರು ಒಂದು ತಾಸಿನಲ್ಲಿ ಕುಡಿದುಬಿಡುತ್ತದೆ. ಒಂದು ಲೀಟರ್ ಡೀಸೆಲಿನಲ್ಲಾದರೋ ಸುಮಾರು 10 ಯೂನಿಟ್ ಉಷ್ಣವಿದೆ. ಆದುದರಿಂದ ಅವರು ಡೀಸೆಲ್ ಅಥವಾ ಗ್ಯಾಸಿನ ಒಲೆಯನ್ನೇ ಇಡುತ್ತಾರೆ. ಅದರ ಉರಿಗೆ ಬೇಕಾದ ಗಾಳಿ ಹೊರಗಿನಿಂದಲೇ ಬರುತ್ತದೆ, ಹೊಗೆ ಕೊಳವೆಯಲ್ಲಿ ಹೊರಗೇ ಹೋಗುತ್ತದೆ. ಮಲಗಿದವರ ಉಸಿರಿಗೂ ಆ ಉರಿಗೂ ಸಂಪರ್ಕವೇ ಇಲ್ಲ. ನಾವು ಅನುಕರಿಸಬೇಕಾದುದು ಆ ದುಬಾರಿ ಯಂತ್ರವನ್ನಲ್ಲ, ಈ ಒಂದು ನಿಯಮವನ್ನು.

ಅಷ್ಟಕ್ಕೂ ಟ್ರೇಲರಿನ ಗಾಳಿಯನ್ನೆಲ್ಲ ಕಾಯಿಸುವ ಅಗತ್ಯವೇನಿದೆ? ಮಲಗಿದ ಮನುಷ್ಯನ ದೇಹವು ತಾನೇ 70-80 ವಾಟಿನಷ್ಟು ಉಷ್ಣವನ್ನು ಹೊರಸೂಸುತ್ತದೆ. ನಾಲ್ವರು ಮಲಗಿದಲ್ಲಿ 300 ವಾಟಿನ ಹೀಟರು ಉರಿದಂತೆಯೇ ಸರಿ. ಆ ಉಷ್ಣವನ್ನು ಸೋರದಂತೆ ತಡೆದರಾಯಿತು. ಕಬ್ಬಿಣವು ನಿಶ್ಚಲ ವಾಯುವಿಗಿಂತ ಸಾವಿರಾರು ಪಟ್ಟು ಉತ್ತಮ ಉಷ್ಣವಾಹಕ. ಟ್ರೇಲರಿನ ತಳವು ಮೈಯ ಬಿಸಿಯನ್ನು ಹೀರುತ್ತಲೇ ಇರುತ್ತದೆ. ನಮ್ಮವರು ಮೇಲೆ ಎರಡು ಕೌದಿ ಹೊದೆಯುತ್ತಾರೆ, ಕೆಳಗೆ ಒಂದು ತೆಳು ಜಮಖಾನೆ ಹಾಸುತ್ತಾರೆ! ಮೊದಲು ಒಣಹುಲ್ಲನ್ನು ಗೇಣುದ್ದ ಹರಡಿ, ಅದರ ಮೇಲೆ ಕಂಬಳಿ ಹಾಸಬೇಕು. ಹುಲ್ಲಿನಲ್ಲಿಯೂ ಉಣ್ಣೆಯಲ್ಲಿಯೂ ಸಿಕ್ಕಿಕೊಂಡ ಗಾಳಿಯೇ ನಿಜವಾದ ರಕ್ಷಕ. ಕುರುಬರ ಕಂಬಳಿ ಇಬ್ಬನಿಯ ತೇವವನ್ನು ಹೀರಿಯೂ ಬೆಚ್ಚಗಿರುತ್ತದೆ. ಈ ಗುಣ ಹತ್ತಿಗಿಲ್ಲ. ಬಿಸಿನೀರನ್ನು ಬಿರಡೆ ಭದ್ರವಾಗಿರುವ ಬಾಟಲಿಗೆ ತುಂಬಿ, ಬಟ್ಟೆ ಸುತ್ತಿ ವೃದ್ಧರ ಕಾಲ ಬಳಿ ಇಟ್ಟರೆ ಮಧ್ಯರಾತ್ರಿಯವರೆಗೆ ಚಿಂತೆಯಿಲ್ಲ. ತಾಡಪತ್ರಿಯನ್ನು ಗಾಳಿ ಬೀಸುವ ಕಡೆ ಬಿಗಿದು, ವಿರುದ್ಧ ದಿಕ್ಕಿನಲ್ಲಿ ಮೇಲೂ ಕೆಳಗೂ ಸಂದು ಬಿಡಬೇಕು.

ಜಾತ್ರೆ ನಾಲ್ಕು ದಿನದ್ದು. ಕಬ್ಬಿನ ಹಂಗಾಮಿನಲ್ಲಿ ತಿಂಗಳುಗಟ್ಟಲೆ ಹೊಲದ ಮಗ್ಗುಲಲ್ಲಿ ಗುಡಿಸಲು ಹೂಡುವ ಕಟಾವಿನವರಿಗೂ ಇದೇ ಮಾತು ಅನ್ವಯಿಸುತ್ತದೆ. ಸುತ್ತಲೂ ಒಣ ರವದಿಯಿರುವುದರಿಂದ ಅಲ್ಲಿ ಕಿಚ್ಚಿನ ಭಯವೂ ಉಂಟು. ಜಾತ್ರೆಯ ವ್ಯವಸ್ಥಾಪಕರು ಬಂಡಿಗಳ ಬೀಡಿನ ನಡುವೆ ಬಯಲಿನಲ್ಲಿ ಸಾರ್ವಜನಿಕ ಅಗ್ಗಿಷ್ಟಿಕೆಗಳನ್ನು ಹೂಡಿ, ರಾತ್ರಿ ಹತ್ತರವರೆಗೆ ಬಿಸಿನೀರು ಒದಗಿಸಿದರೆ ಯಾರೂ ಕೆಂಡವನ್ನು ಒಳಗೊಯ್ಯುವ ಪ್ರಮೇಯ ಬಾರದು. ಯಾರಾದರೂ ಒಳಗೆ ಜೋಂಪುಹತ್ತಿ ಬಿದ್ದುದು ಕಂಡರೆ ಅವರನ್ನು ತಕ್ಷಣ ಬಯಲಿಗೆ ತಂದು ಆಸ್ಪತ್ರೆಗೆ ಸಾಗಿಸಬೇಕು. ಸಾಮಾನ್ಯ ಗಾಳಿಯಲ್ಲಿ ರಕ್ತದೊಳಗಿನ ವಿಷವು ಅರ್ಧಕ್ಕಿಳಿಯಲು ನಾಲ್ಕೈದು ತಾಸು ಬೇಕಾದರೆ, ಶುದ್ಧ ಆಮ್ಲಜನಕ ಕೊಟ್ಟಾಗ ಒಂದು-ಒಂದೂವರೆ ತಾಸು ಸಾಕಾಗುತ್ತದೆ.